‘ಬೆಂಗೇರಿ’ ಎಂಬ ಅಡ್ಡಹೆಸರು: ನಿಷ್ಪತ್ತಿಯ ವಿಮರ್ಶೆ

ಹುಬ್ಬಳ್ಳಿಯ ಬೆಂಗೇರಿಯಿಂದ ಬಂದ ‘ಬೆಂಗೇರಿ’ ಎಂಬ ಅಡ್ಡಹೆಸರನ್ನು ‘ಬೆಳ್+ಕೇರಿ’ ಎಂದು ಒಡೆದು ‘ಬಿಳಿಯ ಕೇರಿ’ ಎಂದು ಅರ್ಥೈಸುವುದು ಸುಲಭ. ಧ್ವನಿನಿಯಮ ಅದನ್ನು ಒಪ್ಪದು. ಗಕಾರದ ಮುಂದೆ ‘ಬೆಳ್’ ತನ್ನ ಳಕಾರವನ್ನು ಉಳಿಸಿಕೊಳ್ಳುತ್ತದೆ: ಬೆಳ್ಗೊಳ, ಬೆಳ್ಗೊಡೆ. ಇಲ್ಲಿಯ ಅನುಸ್ವಾರ ‘ಬೆಂಗಾಡು’ ಪದದ ‘ಬೆಂ’ ಕಡೆಗೆ, ಅಂದರೆ ಬಿಸಿ, ಬೇಗೆಗಳ ಕಡೆಗೆ ಬೊಟ್ಟು ಮಾಡುತ್ತದೆ.

ಉತ್ತರಪದವೂ ತೋರುವಷ್ಟು ನೇರವಲ್ಲ. ದೀರ್ಘ ಏಕಾರವಿರುವುದರಿಂದ ಅದು ‘ಕೇರಿ’ಯೇ ಎನ್ನುವವರು ಅಣ್ಣಿಗೇರಿಯನ್ನು ಗಮನಿಸಬೇಕು. ಶಾಸನಗಳಲ್ಲಿ ಆ ಊರು ‘ಅಣ್ಣಿಗೆರೆ’. ಪದಾಂತ್ಯದ ಎಕಾರ ಇಕಾರವಾಗುವುದು (ಮನೆ > ಮನಿ) ಧಾರವಾಡ ಸೀಮೆಯ ಆಡುನುಡಿಯ ಸಾಮಾನ್ಯ ಲಕ್ಷಣ. ಹಾಗಾದ ಮೇಲೆ ‘-ಗೆರಿ’ಯು ಪರಿಚಿತವಾದ ‘-ಗೇರಿ’ಯೊಡನೆ ಬೆರೆತುಹೋಗಲು ಹೆಚ್ಚು ಕಾಲ ಬೇಡ. ಬೆಂಗೇರಿಯೂ ‘ಬೆಂಗೆರೆ’, ಬೇಗೆಗೆ ಬತ್ತುವ ಕೆರೆ, ಆಗಿದ್ದಿರಬಹುದು. ಹಳೆಯ ಲಿಖಿತ ರೂಪವನ್ನು ಮುಂದಿಡದೆ ಎರಡರಲ್ಲೊಂದನ್ನು ಆರಿಸುವುದು ನಿಷ್ಪತ್ತಿಯಲ್ಲ, ಊಹೆ.

ಇದಕ್ಕಿಂತ ದೊಡ್ಡ ತೊಡಕೆಂದರೆ ಸ್ಥಳನಾಮದ ಅರ್ಥವನ್ನೇ ಅಡ್ಡಹೆಸರಿನ ಅರ್ಥವೆಂದು ಬಗೆಯುವುದು. ಬೆಂಗೇರಿಯೊಳಗೆ ಎಲ್ಲರೂ ಬೆಂಗೇರಿಯವರೇ; ಆ ಹೆಸರು ಒಂದು ಮನೆತನವನ್ನು ಬೇರ್ಪಡಿಸಿ ಗುರುತಿಸುವುದು ಅದು ಊರು ಬಿಟ್ಟ ಮೇಲೆಯೇ. ಮರಾಠಿಯು ‘-ಕರ’ ಪ್ರತ್ಯಯದಿಂದ ಹೇಳುವ ಈ ಸಂಬಂಧವನ್ನು ಕನ್ನಡ ಇಲ್ಲಿ ಪ್ರತ್ಯಯವಿಲ್ಲದೆಯೇ ಹೇಳುತ್ತದೆ. ‘ಬೆಲ್ಲದ’ ಎಂಬಲ್ಲಿರುವ ಷಷ್ಠಿಯೂ ಇಲ್ಲಿಲ್ಲ. ಆದ್ದರಿಂದ ಊರಿನ ಹೆಸರುಗಳನ್ನೂ ಕಸುಬಿನ ಹೆಸರುಗಳನ್ನೂ ಒಂದೇ ಪಟ್ಟಿಯಲ್ಲಿಟ್ಟು ಪದಾರ್ಥ ಬರೆಯುವ ರೂಢಿಯನ್ನು ಕೈಬಿಡಬೇಕು.