4-0 ಸೋತ ರಾತ್ರಿ ತೀರ್ಮಾನ ಬೇಡ

2023ರ ಡಿಸೆಂಬರ್ 8. ಕಂಠೀರವ ಕ್ರೀಡಾಂಗಣಕ್ಕೆ ಬಂದ ಮುಂಬೈ ಸಿಟಿ ನಮ್ಮ ಬೆಂಗಳೂರು ಎಫ್‌ಸಿಗೆ ನಾಲ್ಕು ಗೋಲು ಹೊಡೆದು ಹೋಯ್ತು. ನಮ್ಮದು ಸೊನ್ನೆ. ಮರುದಿನವೇ ಕೋಚ್ ಸೈಮನ್ ಗ್ರೇಸನ್ ಅವರನ್ನ ಕ್ಲಬ್ ಮನೆಗೆ ಕಳಿಸಿತು. ಲೀಗ್‌ನಲ್ಲಿ ಒಂಬತ್ತು ಪಂದ್ಯ, ಒಂದೇ ಒಂದು ಗೆಲುವು. ಅವತ್ತು "ಒಳ್ಳೇದೇ ಆಯ್ತು ಬಿಡಿ" ಅಂದವರಲ್ಲಿ ನಾನೂ ಒಬ್ಬ. ಈಗ ಆ ಮಾತನ್ನ ವಾಪಸ್ ತಗೊಳ್ತಿದ್ದೀನಿ.

ಗ್ರೇಸನ್ ಮಹಾನ್ ಕೋಚ್ ಅಂತ ವಾದ ಮಾಡೋಕೆ ಹೊರಟಿಲ್ಲ. ಆದರೆ ಅದರ ಹಿಂದಿನ ಸೀಸನ್ ನೆನಪು ಮಾಡ್ಕೊಳ್ಳಿ. 2022ರ ಕೊನೆಯಲ್ಲೂ ಇದೇ ಕೋಚ್, ಇದೇ ಪಾಡು. ಡ್ಯುರಾಂಡ್ ಕಪ್ ಗೆದ್ದು ಬಂದ ತಂಡ ಐಎಸ್ಎಲ್ ಪಟ್ಟಿಯ ಕೆಳಗಿನ ಅರ್ಧದಲ್ಲಿ ತೆವಳ್ತಾ ಇತ್ತು. ಆಗ ಕ್ಲಬ್ ಸುಮ್ಮನಿತ್ತು. ಆಮೇಲೆ ಲೀಗ್‌ನ ಕೊನೆಯ ಎಂಟು ಪಂದ್ಯಗಳನ್ನ ತಂಡ ಸಾಲಾಗಿ ಗೆದ್ದಿತು, ಫೈನಲ್‌ಗೂ ಹೋಯ್ತು. ಮೋಹನ್ ಬಾಗಾನ್ ಎದುರು 2-2 ಆಗಿ, ಕಪ್ ಹೋಗಿದ್ದು ಪೆನಾಲ್ಟಿ ಶೂಟೌಟ್‌ನಲ್ಲಿ. ಅಂದರೆ ಒಂದು ಡಿಸೆಂಬರ್‌ನಲ್ಲಿ ಕಾದದ್ದಕ್ಕೆ ಫಲ ಸಿಕ್ಕಿತ್ತು, ಮುಂದಿನ ಡಿಸೆಂಬರ್‌ನಲ್ಲಿ ಕಾಯೋ ತಾಳ್ಮೆಯೇ ಇರಲಿಲ್ಲ.

ಆ ಎರಡು ಡಿಸೆಂಬರ್‌ಗಳ ನಡುವೆ ತಂಡವೇ ಬದಲಾಗಿತ್ತು ಅನ್ನೋದನ್ನೂ ಮರೀಬಾರದು. ರಾಯ್ ಕೃಷ್ಣ ಒಡಿಶಾಗೆ, ಸಂದೇಶ್ ಜಿಂಗನ್ ಮತ್ತು ಉದಾಂತ ಸಿಂಗ್ ಗೋವಾಗೆ, ಪ್ರಬೀರ್ ದಾಸ್ ಕೇರಳ ಬ್ಲಾಸ್ಟರ್ಸ್‌ಗೆ ಹೋಗಿದ್ರು. ಫೈನಲ್ ಆಡಿದ ತಂಡದ ಅರ್ಧ ಬೆನ್ನೆಲುಬೇ ಹೋದ ಮೇಲೆ ಹೊಸದನ್ನ ಕಟ್ಟೋಕೆ ಒಂಬತ್ತು ಪಂದ್ಯ ಸಾಕಾ?

ನನ್ನ ಮುಖ್ಯ ತಕರಾರು ಬೇರೆಯೇ ಇದೆ. ಸೀಸನ್ ಮಧ್ಯೆ ಕೋಚ್ ತೆಗೆಯೋ ಚಾಳಿಯನ್ನ ನಾವು ಕಲಿತದ್ದು ಯೂರೋಪ್ ನೋಡಿ. ಅಲ್ಲಿ ಅದಕ್ಕೊಂದು ಕಾರಣ ಇದೆ. ಇಂಗ್ಲೆಂಡಿನ ಪ್ರೀಮಿಯರ್ ಲೀಗ್‌ನಲ್ಲಿ ಕೊನೆಯ ಮೂರು ತಂಡಗಳು ಕೆಳಗಿನ ಲೀಗ್‌ಗೆ ಬೀಳ್ತವೆ. ಬಿದ್ದರೆ ಟಿವಿ ದುಡ್ಡು ಹೋಗುತ್ತೆ, ಆಟಗಾರರು ಹೋಗ್ತಾರೆ, ಕ್ಲಬ್ಬೇ ಅಲ್ಲಾಡುತ್ತೆ. ಹೆದರಿಕೆ ಅರ್ಥ ಆಗುತ್ತೆ. ಆದರೆ ಆ ಡಿಸೆಂಬರ್‌ನಲ್ಲಿ ಐಎಸ್ಎಲ್‌ನಿಂದ ಯಾರೂ ಕೆಳಗೆ ಬೀಳ್ತಿರಲಿಲ್ಲ. ಕೊನೇ ಸ್ಥಾನಕ್ಕೆ ಇಳಿದರೂ ಮುಂದಿನ ವರ್ಷ ಅದೇ ಲೀಗು, ಅದೇ ಕಂಠೀರವ. ಹಾಗಿದ್ದ ಮೇಲೆ ಅವಸರ ಯಾಕೆ?

ಅಲ್ಲಿಯ ಅವಸರವೂ ಪ್ರತಿಸಲ ಕೈಹಿಡಿಯಲ್ಲ. ಇದೇ ಗ್ರೇಸನ್ ಬ್ಲ್ಯಾಕ್‌ಪೂಲ್, ಲೀಡ್ಸ್, ಹಡರ್ಸ್‌ಫೀಲ್ಡ್, ಪ್ರೆಸ್ಟನ್ ಹೀಗೆ ನಾಲ್ಕು ಕ್ಲಬ್‌ಗಳನ್ನ ಮೇಲಿನ ದರ್ಜೆಗೆ ಏರಿಸಿದವರು. 2017ರಲ್ಲಿ ಸಂಡರ್‌ಲ್ಯಾಂಡ್ ಅವರನ್ನ 15 ಲೀಗ್ ಪಂದ್ಯಗಳಲ್ಲೇ ತೆಗೆದುಹಾಕಿತು. ಆ ತಂಡ ಹೊಸ ಕೋಚ್ ಕೈಯಲ್ಲೂ ಕೊನೇ ಸ್ಥಾನಕ್ಕೇ ಹೋಗಿ ಕೆಳಗೆ ಬಿತ್ತು.

ನಮ್ಮ ಮನೆ ಲೆಕ್ಕವನ್ನೇ ನೋಡೋಣ. ಕಾರ್ಲೆಸ್ ಕ್ವಾದ್ರಾತ್ 2019ರಲ್ಲಿ ನಮಗೆ ಐಎಸ್ಎಲ್ ಕಪ್ ತಂದುಕೊಟ್ಟವರು. 2021ರ ಜನವರಿಯಲ್ಲಿ, ಕೋವಿಡ್ ಕಾಲದಲ್ಲಿ, ಗೋವಾದ ಖಾಲಿ ಮೈದಾನಗಳಲ್ಲಿ ಸತತ ಮೂರು ಪಂದ್ಯ ಸೋತರು ಅಂತ ಅವರನ್ನೂ ಕ್ಲಬ್ ಕಳಿಸಿತು. ಆ ಸೀಸನ್ ಮುಗಿಸಿದ್ದು 7ನೇ ಸ್ಥಾನದಲ್ಲಿ. ಗ್ರೇಸನ್ ಹೋದ ಸೀಸನ್ ಮುಗಿದದ್ದು 12 ತಂಡಗಳಲ್ಲಿ 10ನೇ ಸ್ಥಾನದಲ್ಲಿ. ಎರಡು ಸಲ ಮಧ್ಯದಲ್ಲಿ ಕೋಚ್ ಬದಲಾಯಿಸಿದ್ವಿ, ಎರಡು ಸಲವೂ ಪ್ಲೇಆಫ್ ಕೂಡ ಸಿಗಲಿಲ್ಲ.

"ಹಾಗಾದ್ರೆ ಜೆರಾರ್ಡ್ ಸರಗೋಸಾ?" ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಗ್ರೇಸನ್ ಜಾಗಕ್ಕೆ ಬಂದ ಸರಗೋಸಾ 2024-25ರಲ್ಲಿ ತಂಡವನ್ನ ಮತ್ತೆ ಫೈನಲ್‌ಗೆ ಒಯ್ದರು. ಪ್ಲೇಆಫ್‌ನಲ್ಲಿ ಅದೇ ಮುಂಬೈ ಸಿಟಿಗೆ 5-0 ಏಟು ಕೊಟ್ಟರು. ಆದರೆ ಇದು ಗ್ರೇಸನ್ ಅವರನ್ನ ತೆಗೆದದ್ದರ ಫಲ ಅನ್ನೋದಕ್ಕಿಂತ ಸರಗೋಸಾ ಅವರನ್ನ ಉಳಿಸಿಕೊಂಡದ್ದರ ಫಲ. 10ನೇ ಸ್ಥಾನದಲ್ಲಿ ಮುಗಿಸಿದ ಕೋಚನ್ನ ಆ ಬೇಸಿಗೆಯಲ್ಲೇ ಕಳಿಸಿದ್ರೂ ಯಾರೂ ಕೇಳ್ತಿರಲಿಲ್ಲ. ಕ್ಲಬ್ ಕಳಿಸಲಿಲ್ಲ. ಹೊಸ ಸೀಸನ್‌ಗೆ ತಯಾರಿ ಮಾಡೋಕೆ ಸಮಯ ಕೊಟ್ಟಿತು. ಒಬ್ಬರಿಗೆ ಕೊಡದ ಸಮಯವನ್ನ ಇನ್ನೊಬ್ಬರಿಗೆ ಕೊಟ್ಟು ಗೆದ್ದೆವು, ಅಷ್ಟೇ.

ಸಮಯ ಎಲ್ಲರಿಗೂ ಒಂದೇ ಅಲ್ಲ, ಅದೂ ನಿಜ. ಆ ಡಿಸೆಂಬರ್‌ನಲ್ಲಿ ಸುನಿಲ್ ಛೆಟ್ರಿಗೆ 39 ವರ್ಷ. ಕೋಚಿಗೆ ಎರಡು ವರ್ಷ ಕೊಡಿ ಅನ್ನೋದು ಸುಲಭ, ಛೆಟ್ರಿಯ ಎರಡು ವರ್ಷವನ್ನ ವಾಪಸ್ ಕೊಡೋರು ಯಾರು? ಟಿಕೆಟ್ ತಗೊಂಡು, ಟ್ರಾಫಿಕ್ಕಲ್ಲಿ ಬೆಂದು, ವೆಸ್ಟ್ ಬ್ಲಾಕಲ್ಲಿ ಗಂಟಲು ಹರ್ಕೊಳ್ಳೋನಿಗೂ "ತಾಳ್ಮೆ ಇರಲಿ" ಅಂತ ಉಪದೇಶ ಮಾಡೋಕೆ ನನಗೆ ಮುಖ ಇಲ್ಲ. ಹಾಗೇ, ಆಟಗಾರರು ಕೋಚ್ ಮಾತನ್ನ ಕೇಳೋದೇ ಬಿಟ್ಟಿದ್ದರೆ ಕಾಯೋದರಲ್ಲಿ ಅರ್ಥ ಇಲ್ಲ. ಆಗ ಕಳಿಸಲೇಬೇಕು.

ಆದರೆ ಅದನ್ನ ತೀರ್ಮಾನ ಮಾಡೋ ಹೊತ್ತು ಯಾವುದು ಅನ್ನೋದೇ ಪ್ರಶ್ನೆ. ನಮ್ಮ ಸಾಫ್ಟ್‌ವೇರ್ ಕೆಲಸದಲ್ಲಿ ಒಂದು ಒಳ್ಳೇ ರೂಢಿ ಇದೆ. ರಾತ್ರಿ ಸರ್ವರ್ ಬಿದ್ದರೆ ಮೊದಲು ಎಬ್ಬಿಸಿ ನಿಲ್ಲಿಸ್ತೀವಿ. ಯಾಕೆ ಬಿತ್ತು, ಎಲ್ಲಿ ತಪ್ಪಾಯ್ತು ಅನ್ನೋದನ್ನ ನಿದ್ದೆ ಮಾಡಿ ಎದ್ದ ಮೇಲೆ ಕೂತು ನೋಡ್ತೀವಿ. ಬಿದ್ದ ರಾತ್ರಿಯೇ ಯಾರ ತಪ್ಪು ಅಂತ ಹುಡುಕೋಕೆ ಹೋದರೆ ಸಿಗೋದು ಎದುರಿಗೆ ನಿಂತವನು, ಕಾರಣ ಅಲ್ಲ.

ಕ್ಲಬ್‌ಗಳು ಇಷ್ಟು ಮಾಡಿದ್ರೆ ಸಾಕು. ಕೋಚನ್ನ ಕರ್ಕೊಂಡು ಬರೋ ದಿನವೇ ಏನನ್ನ ನೋಡ್ತೀವಿ, ಯಾವಾಗ ನೋಡ್ತೀವಿ ಅಂತ ಹೇಳಿಬಿಡಲಿ. ಕೆಳಗೆ ಬೀಳೋ ಭಯ ಇಲ್ಲದ ಲೀಗ್‌ನಲ್ಲಿ ಆ ದಿನ ಸೀಸನ್ ಮುಗಿದ ಮೇಲೆಯೇ ಇರಲಿ. ಆಗಲೂ ಬೇಡ ಅನಿಸಿದ್ರೆ ಕೈಕುಲುಕಿ ಕಳಿಸಲಿ, ಯಾರೂ ತಪ್ಪು ಅನ್ನಲ್ಲ. ಗ್ರೇಸನ್ ಉಳಿದಿದ್ರೆ ಮತ್ತೆ ಎಂಟು ಗೆಲ್ತಿದ್ರಾ? ಗೊತ್ತಿಲ್ಲ. ಆದರೆ 10ನೇ ಸ್ಥಾನಕ್ಕಿಂತ ತೀರಾ ಕೆಟ್ಟದ್ದು ಇನ್ನೇನು ಆಗೋದಿತ್ತು ಹೇಳಿ.