ಪಾಲೆ, ಹಾಲೆ, ಸಪ್ತಪರ್ಣ: ವೈದ್ಯಗ್ರಂಥಗಳ ಸಸ್ಯನಾಮಗಳ ಅರ್ಥನಿರ್ಣಯ

ಪ್ರಾಚೀನ ಕನ್ನಡ ಗ್ರಂಥಗಳನ್ನು ಶೋಧಿಸಿ ಅಚ್ಚುಹಾಕಿಸಿದ ಪಂಡಿತರು ನಮಗೆ ಮಾಡಿರುವ ಉಪಕಾರವು ಇಷ್ಟೆಂದು ಹೇಳತಕ್ಕದ್ದಲ್ಲ. ಓಲೆಗರಿಗಳಲ್ಲಿ ಹುಳುಗಳ ಪಾಲಾಗಬೇಕಾಗಿದ್ದ ಎಷ್ಟೋ ಕೃತಿಗಳು ಅವರ ಪರಿಶ್ರಮದಿಂದ ಉಳಿದು ಬಂದವು. ಆದರೆ ಅಂತಹ ಮುದ್ರಣಗಳ ಕೊನೆಯಲ್ಲಿ ಕೊಡುವ ಶಬ್ದಕೋಶಗಳನ್ನು ತಿರುವಿದವರಿಗೆ ಒಂದು ಕೊರತೆ ಕಂಡೇ ಇರುವುದು. ಗಿಡಮರಗಳ ಹೆಸರು ಬಂದಲ್ಲಿ ಬಹುಮಟ್ಟಿಗೆ 'ಒಂದು ಬಗೆಯ ಗಿಡ', 'ಒಂದು ಜಾತಿಯ ಮರ' ಎಂಬಷ್ಟಕ್ಕೇ ಅರ್ಥವು ನಿಂತುಬಿಡುತ್ತದೆ. ಇಲ್ಲವೆ ಒಂದು ಸಂಸ್ಕೃತ ಶಬ್ದದ ಮುಂದೆ ಮತ್ತೊಂದು ಸಂಸ್ಕೃತ ಶಬ್ದವನ್ನಿಟ್ಟು ಮುಗಿಸಲಾಗುತ್ತದೆ. ಕಾವ್ಯದಲ್ಲಿ ಇದರಿಂದ ರಸಕ್ಕೆ ಹಾನಿಯಾದೀತು, ಪ್ರಾಣಕ್ಕೆ ಹಾನಿಯಿಲ್ಲ. ಕೀರ್ತಿವರ್ಮನ ಗೋವೈದ್ಯ, ಜಗದ್ದಳ ಸೋಮನಾಥನ ಕರ್ಣಾಟಕ ಕಲ್ಯಾಣಕಾರಕ, ಮಂಗರಾಜನ ಖಗೇಂದ್ರಮಣಿದರ್ಪಣ ಮೊದಲಾದ ವೈದ್ಯಗ್ರಂಥಗಳ ಮಾತು ಹಾಗಲ್ಲ. ಖಗೇಂದ್ರಮಣಿದರ್ಪಣವಂತೂ ಹದಿನಾರು ಅಧಿಕಾರಗಳಲ್ಲಿ ಸ್ಥಾವರ ಜಂಗಮ ವಿಷಗಳನ್ನೂ ಅವುಗಳ ಪರಿಹಾರವನ್ನೂ ಹೇಳುವ ಗ್ರಂಥ. ಅಲ್ಲಿ ಮರವಾವುದೆಂದು ತಿಳಿಯದಿದ್ದರೆ ಪದ್ಯವೇ ತಿಳಿದಂತಾಗಲಿಲ್ಲ.

ಈ ದೋಷವನ್ನು ಪರರಲ್ಲಿ ತೋರಿಸುವ ಮೊದಲು ನನ್ನದನ್ನೇ ಹೇಳಿಕೊಳ್ಳುವುದು ನ್ಯಾಯ. ರಘುವಂಶದ ನಾಲ್ಕನೆಯ ಸರ್ಗದಲ್ಲಿ, ಶರತ್ಕಾಲದ ದಿಗ್ವಿಜಯಪ್ರಸಂಗದಲ್ಲಿ, ಮದಗಂಧವುಳ್ಳ ಸಪ್ತಪರ್ಣಪುಷ್ಪಗಳಿಂದ ರಘುವಿನ ಆನೆಗಳು ಕೆರಳಿದ ವರ್ಣನೆಯಿದೆ. ಅದನ್ನು ಎಷ್ಟೋ ವರ್ಷ ನಾನು 'ಏಳೇಳು ಎಲೆಗಳುಳ್ಳ ಒಂದು ವೃಕ್ಷ' ಎಂದೇ ಪಾಠ ಹೇಳಿದೆನು. ಒಮ್ಮೆ ಒಬ್ಬ ಹುಡುಗನು, "ಪಂಡಿತರೇ, ಅದು ನಮ್ಮ ಪಾಲೆಯ ಮರವಲ್ಲವೇ? ಹೂ ಬಿಟ್ಟಾಗ ರಾತ್ರಿ ತಲೆ ತಿರುಗುವಷ್ಟು ವಾಸನೆ ಬರುತ್ತದೆ" ಎಂದನು. ಮರವು ಪಾಠಶಾಲೆಯ ಹಿತ್ತಿಲ ಬೇಲಿಯಲ್ಲೇ ಇದ್ದಿತು. ಅಮರಕೋಶದ ವನೌಷಧಿವರ್ಗವನ್ನು ಬಾಲ್ಯದಲ್ಲೇ ಕಂಠಸ್ಥ ಮಾಡಿದ್ದವನಿಗೆ ಆ ಬೇಲಿಯ ಮರದ ಗುರುತಿರಲಿಲ್ಲ!

ಮಂಗಳೂರಿನ ಸುತ್ತಿನಲ್ಲಿ ಪಾಲೆಯನ್ನು ಅರಿಯದವರು ವಿರಳ. ಆಟಿ ತಿಂಗಳ ಅಮಾವಾಸ್ಯೆಯಂದು ಬೆಳಕು ಹರಿಯುವ ಮುಂಚೆ ಅದರ ತೊಗಟೆಯನ್ನು ಕಬ್ಬಿಣ ತಾಗಿಸದೆ ಕಲ್ಲಿನಿಂದ ಜಜ್ಜಿ ತರುತ್ತಾರೆ; ಅರೆದು ರಸ ತೆಗೆದು, ಓಮ ಮೆಣಸು ಬೆಳ್ಳುಳ್ಳಿಗಳನ್ನು ಸೇರಿಸಿ, ಕೆಂಪಗೆ ಕಾಯಿಸಿದ ಬೆಣಚುಕಲ್ಲನ್ನು ಅದರಲ್ಲಿ ಹಾಕಿ, ಬರಿಯ ಹೊಟ್ಟೆಯಲ್ಲಿ ಕುಡಿಯುತ್ತಾರೆ. ಆಮೇಲೆ ಉಷ್ಣಶಾಂತಿಗೆ ಮೆಂತೆಯ ಗಂಜಿ. ಆ ದಿನ ಆ ಮರದಲ್ಲಿ ಸಾವಿರದೊಂದು ಮದ್ದು ಸೇರಿರುವುದೆಂದು ನಂಬುಗೆ. ಕೊಡಗಿನವರು ಇದೇ ಮಳೆಗಾಲದಲ್ಲಿ, ಕಕ್ಕಡ ಮಾಸದ ಹದಿನೆಂಟನೆಯ ದಿನ, ಮದ್ದುಸೊಪ್ಪಿನ ಪಾಯಸ ಮಾಡುವರು. ಅವರ ಮದ್ದು ಸಿಹಿ, ನಮ್ಮದು ನಾಲಗೆ ಮರಗಟ್ಟುವಷ್ಟು ಕಹಿ.

ಈ ಮರವೇ ಸಪ್ತಪರ್ಣವೆಂಬುದಕ್ಕೆ ಆಧಾರವನ್ನು ಕೋಶದಲ್ಲೇ ಕಾಣಬಹುದು. ಅಮರನು ಕೊಟ್ಟ ಪರ್ಯಾಯಗಳಲ್ಲಿ 'ಶಾರದ' ಎಂಬುದೊಂದು. ಪಾಲೆಯು ಹೂ ಬಿಡುವುದು ಮಳೆ ನಿಂತ ಮೇಲೆ, ಶರತ್ತಿನಲ್ಲಿ. 'ವಿಷಮಚ್ಛದ' ಎಂಬುದು ಇನ್ನೊಂದು. ಗೆಣ್ಣಿನ ಸುತ್ತ ಛತ್ರಿಯಂತೆ ಹರಡಿದ ಎಲೆಗಳನ್ನು ಎಣಿಸಿ ನೋಡಿದರೆ ಒಂದು ಕಡೆ ನಾಲ್ಕು, ಒಂದು ಕಡೆ ಐದು, ಮತ್ತೊಂದು ಕಡೆ ಏಳು. ಏಳೆಂಬ ನಿಯಮವಿಲ್ಲವೆಂದು ಕೋಶಕಾರನಿಗೆ ತಿಳಿದಿದ್ದಿತು. ವ್ಯುತ್ಪತ್ತಿಯನ್ನೇ ಲಕ್ಷಣವೆಂದು ಹಿಡಿದವರು ನಾವು. ಚರಕನು ಸಪ್ತಪರ್ಣವನ್ನು ಕುಷ್ಠಘ್ನಗಣದಲ್ಲಿ ಎಣಿಸಿದ್ದಾನೆ. ಜ್ವರಗಳಲ್ಲಿಯೂ ತೊಗಟೆಯ ಪ್ರಯೋಗವುಂಟು.

ಹಾಗಾದರೆ 'ಸಪ್ತಪರ್ಣ = ಹಾಲೆ' ಎಂದು ಬರೆದರೆ ಸಾಕೆ? ಸಾಲದು. ತುಳುವಿನ ಪಾಲೆ ಕನ್ನಡದಲ್ಲಿ ಹಾಲೆಯಾಗುವುದು, ಪಾಲು ಹಾಲಾದ ಕ್ರಮದಲ್ಲಿಯೇ. ಹಾಲೆಯೆಂದರೆ ಹಾಲು ಸುರಿಸುವ ಮರವೆಂದಷ್ಟೇ ತಾತ್ಪರ್ಯ. ಹಾಲು ಸುರಿಸುವ ಮರಗಳು ಹಲವು. ಮಲಯಾಳದಲ್ಲಿ ಏಳಿಲಂಪಾಲ, ಕುಟಕಪ್ಪಾಲ, ದಂತಪ್ಪಾಲ ಎಂದು ವಿಶೇಷಣಗಳನ್ನಿಟ್ಟು ಬೇರ್ಪಡಿಸಿದ್ದಾರೆ. ಇವುಗಳಲ್ಲಿ ಎರಡನೆಯದು ಕುಟಜ, ನಮ್ಮ ಕೊಡಸಿಗೆ. ಅತಿಸಾರಕ್ಕೆ ಪ್ರಸಿದ್ಧವಾದ ಔಷಧ. ಮೂರನೆಯದನ್ನೂ ಕನ್ನಡದ ಕೆಲವು ಸೀಮೆಗಳಲ್ಲಿ ಬರಿಯ ಹಾಲೆಯೆಂದೇ ಕರೆಯುವರು. ಸಪ್ತಪರ್ಣಕ್ಕೆ ಮದ್ದಾಲೆ ಎಂಬ ಹೆಸರೂ ಇದೆ. 'ಮದ್ದಿನ ಹಾಲೆ' ಎಂದು ಅದನ್ನು ಬಿಡಿಸಬಹುದೆಂದು ನನಗೆ ತೋರುತ್ತದೆ. ಸಾಲದ್ದಕ್ಕೆ ಅಡಕೆಯ ಹಾಳೆ ಬೇರೆ ಇದೆ. ತುಳುವಿನಲ್ಲಿ ಅದು ಪಾಳೆ. ಲಕಾರ ಳಕಾರಗಳನ್ನು ಲಿಪಿಕಾರನು ಅದಲುಬದಲು ಮಾಡಿದನೆಂದರೆ ತೊಗಟೆಯ ಕಷಾಯವು ಅಡಕೆತೋಟಕ್ಕೆ ಹೋಗಿ ನಿಲ್ಲುವುದು.

ಇದೆಲ್ಲ ಶಬ್ದವಿನೋದವೆಂದು ಎಣಿಸತಕ್ಕದ್ದಲ್ಲ. ಪಾಲೆ ಬೆಳೆಯುವ ಈ ಗುಡ್ಡಗಳಲ್ಲಿಯೇ ಕಾಸರಕವೂ ಬೆಳೆಯುತ್ತದೆ. ಕಾಸರಗೋಡಿಗೆ ಆ ಹೆಸರು ಬಂದದ್ದು ಈ ಮರದಿಂದಲೇ ಎನ್ನುವವರೂ ಉಂಟು. ಸಂಸ್ಕೃತದಲ್ಲಿ ವಿಷತಿಂದುಕ, ಕಾರಸ್ಕರ. ಅದರ ತೊಗಟೆಯೂ ಕಹಿ, ಆದರೆ ಆ ಕಹಿ ಸ್ಟ್ರಿಕ್ನಿನ್ ಬ್ರೂಸಿನ್ ಎಂಬ ವಿಷಗಳದು. ಅಮಾವಾಸ್ಯೆಯ ಕತ್ತಲಲ್ಲಿ ತೊಗಟೆ ಜಜ್ಜುವವನ ಕೈ ತಪ್ಪಿದರೆ ಗತಿಯೇನು? ಆದುದರಿಂದಲೇ ನಮ್ಮ ಮನೆಯ ಹಿರಿಯರು ಹಿಂದಿನ ದಿನ ಹಗಲಿನಲ್ಲೇ ಮರವನ್ನು ನೋಡಿ ಗುರುತು ಕಟ್ಟಿ ಬರುತ್ತಿದ್ದರು. ಗಾಯ ಮಾಡಿದರೆ ಪಾಲೆ ಹಾಲು ಸುರಿಸುವುದು, ಕಾಸರಕ ಸುರಿಸದು. ಪಾಲೆಯ ಎಲೆಗಳು ಗೆಣ್ಣಿನ ಸುತ್ತ ಗುಂಪಾಗಿ ನಿಲ್ಲುವವು, ಕಾಸರಕದವು ಎದುರುಬದುರಾಗಿ, ಬುಡದಿಂದಲೇ ಹೊರಟ ಮೂರೈದು ನರಗಳುಳ್ಳವು. 'ಒಂದು ಜಾತಿಯ ಮರ' ಎಂಬ ಅರ್ಥವು ಎರಡಕ್ಕೂ ಒಪ್ಪುತ್ತದೆ.

ಯುರೋಪಿನಲ್ಲಿ ಇದೇ ಪ್ರಮಾದವು ನಡೆದುಹೋಗಿದೆ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ದಕ್ಷಿಣ ಅಮೇರಿಕದ ಅಂಗೊಸ್ತುರವೆಂಬ ಜ್ವರಹರವಾದ ತೊಗಟೆಯ ಜತೆಗೆ ಮತ್ತೊಂದು ತೊಗಟೆ ಬೆರೆತು, ಸೇವಿಸಿದವರಿಗೆ ವಿಷವೇರಿತು. ಆ ಸುಳ್ಳು ತೊಗಟೆಯು ಅಬಿಸೀನಿಯದ ಬ್ರೂಸಿಯ ಎಂಬ ಗಿಡದ್ದೆಂದು ವಿದ್ವಾಂಸರು ಭ್ರಮಿಸಿದರು. ೧೮೧೯ರಲ್ಲಿ ಪೆಲೆತಿಯೆ, ಕವಾಂತು ಎಂಬ ಫ್ರೆಂಚ್ ರಸಾಯನಜ್ಞರು ಅದರಿಂದ ತೆಗೆದ ಸತ್ತ್ವಕ್ಕೆ ಬ್ರೂಸಿನ್ ಎಂಬ ಹೆಸರು ಬಂದಿತು. ತೊಗಟೆಯು ನಿಜವಾಗಿ ಕಾಸರಕದ್ದೆಂದು ಗೊತ್ತಾದದ್ದು ಆಮೇಲೆ. ಹೆಸರು ಮಾತ್ರ ಬದಲಾಗಲಿಲ್ಲ. ತಪ್ಪಾದ ಗಿಡದ ಹೆಸರನ್ನೇ ಆ ವಿಷವು ಇಂದಿಗೂ ಹೊತ್ತಿದೆ.

ಇದಕ್ಕೆ ಪ್ರತಿಯಾಗಿ ನಮ್ಮ ಕರಾವಳಿಯಲ್ಲೇ ಹುಟ್ಟಿದ ಒಂದು ಗ್ರಂಥವನ್ನು ನೆನೆಯಬೇಕು. ಕೊಚ್ಚಿಯ ಡಚ್ಚರ ಅಧಿಪತಿಯಾಗಿದ್ದ ವಾನ್ ರೀಡನು ಹೊರತಂದ ಹೊರ್ತುಸ್ ಮಲಬಾರಿಕುಸ್ ೧೬೭೮ರಿಂದ ೧೬೯೩ರ ವರೆಗೆ ಹನ್ನೆರಡು ಸಂಪುಟಗಳಲ್ಲಿ ಆಂಸ್ಟರ್‌ಡಾಮಿನಲ್ಲಿ ಅಚ್ಚಾಯಿತು. ಮಲಯಾಳಿ ವೈದ್ಯ ಇಟ್ಟಿ ಅಚ್ಯುತನ್, ಕೊಂಕಣಿ ವೈದ್ಯರಾದ ರಂಗಭಟ್ಟ, ವಿನಾಯಕ ಪಂಡಿತ, ಅಪ್ಪುಭಟ್ಟ ಇವರು ಅದಕ್ಕೆ ನೆರವಾದವರು. ಅದರ ಮೊದಲನೆಯ ಸಂಪುಟದಲ್ಲಿಯೇ ಪಾಲ ಒಂದು ಚಿತ್ರ, ಕಾಂಜಿರವೆಂಬ ಕಾಸರಕ ಇನ್ನೊಂದು ಚಿತ್ರ. ಲತೀನು ಬಾರದವನೂ ಎರಡು ಪುಟಗಳನ್ನು ತಿರುವಿ ಭೇದವನ್ನು ತಿಳಿಯಬಲ್ಲನು. ಮೂರೂವರೆ ಶತಮಾನಗಳ ತರುವಾಯ ನಮ್ಮ ವೈದ್ಯಗ್ರಂಥಗಳ ಪರಿಷ್ಕರಣಗಳಲ್ಲಿ ಅಂತಹ ಒಂದು ರೇಖಾಚಿತ್ರವನ್ನು ಕಾಣುವುದು ದುರ್ಲಭ.

ಶಾಸ್ತ್ರವನ್ನು ಓದಿದ ಕೆಲವರು, ಪ್ರಾಕೃತಜನರ ಮಾತನ್ನು ಪ್ರಮಾಣವೆಂದು ಹಿಡಿಯುವುದು ಹೇಗೆ ಎಂದು ಆಕ್ಷೇಪಿಸುವರು. ಶಾಸ್ತ್ರವೇ ಹಾಗೆ ಹಿಡಿದಿದೆಯಲ್ಲ! ಓಷಧಿಗಳ ನಾಮರೂಪಗಳನ್ನು ಬಲ್ಲವರು ಆಡುಕುರಿ ಕಾಯುವವರು, ಗೋಪಾಲರು, ವನವಾಸಿಗಳು ಎಂದು ಚರಕನು ಸೂತ್ರಸ್ಥಾನದ ಆದಿಯಲ್ಲೇ ಹೇಳುತ್ತಾನೆ. ಸುಶ್ರುತನದೂ ಇದೇ ಅಭಿಪ್ರಾಯ. ರಾಜನಿಘಂಟುವಿನ ನರಹರಿಯು ಇನ್ನೂ ಮುಂದೆ ಹೋಗಿ, ತಾನು ಕರ್ಣಾಟ ಮಹಾರಾಷ್ಟ್ರ ಭಾಷೆಗಳ ಹೆಸರುಗಳಿಂದ ಅರ್ಥವನ್ನು ಸ್ಪಷ್ಟಪಡಿಸಿರುವುದಾಗಿ ತಿಳಿಸಿದ್ದಾನೆ. ಸಂಸ್ಕೃತ ನಿಘಂಟುಕಾರನು ಕನ್ನಡದ ಬಾಗಿಲಿಗೆ ಬಂದು ಕೇಳಿದ್ದನ್ನು ಕನ್ನಡದ ಪರಿಷ್ಕರ್ತರು ಕೇಳದೆ ಹೋದದ್ದು ಆಶ್ಚರ್ಯವೇ ಸರಿ.

ಆದರೆ ಜನರ ಹೆಸರು ಸರ್ವತ್ರ ನಿರ್ದುಷ್ಟವೆಂದು ನಾನು ಹೇಳುವುದಿಲ್ಲ. ನಮ್ಮ ಮನೆಗಳಲ್ಲಿ ಚಟ್ನಿಗೂ ತಂಬುಳಿಗೂ ಒದಗುವ ತಿಮರೆ, ಕನ್ನಡದ ಒಂದೆಲಗ, ಮಂಡೂಕಪರ್ಣಿಯೇ ಹೊರತು ಬ್ರಾಹ್ಮಿಯಲ್ಲ. ಚರಕನ ನಾಲ್ಕು ಮೇಧ್ಯರಸಾಯನಗಳಲ್ಲಿ ಸೇರಿರುವುದು ಮಂಡೂಕಪರ್ಣಿ. ಸುಶ್ರುತನು ಎರಡಕ್ಕೂ ಬೇರೆ ಬೇರೆ ಕಲ್ಪಗಳನ್ನು ಹೇಳಿದ್ದಾನೆ. ಆದರೂ ಕನ್ನಡನಾಡಿನಲ್ಲಿ ಒಂದೆಲಗವನ್ನೇ ಬ್ರಾಹ್ಮಿಯೆನ್ನುವ ರೂಢಿ ಬಲವಾಗಿದೆ, ಉತ್ತರದೇಶದಲ್ಲಿಯೂ ಹಾಗೆಯೇ. ಕೇರಳದ ವೈದ್ಯರು ಬ್ರಾಹ್ಮಿಯೆಂದರೆ ನೀರುಬ್ರಾಹ್ಮಿಯನ್ನೇ ತೆಗೆದುಕೊಳ್ಳುವರು. ಇಲ್ಲಿ ಅಡಿಗೆಮನೆಯ ತಿಮರೆಯೆಂಬ ಹೆಸರು ಸಂದೇಹಕ್ಕೆ ಎಡೆಗೊಡದು. ಶಾಸ್ತ್ರದಿಂದ ಎರವಲು ತಂದ ಬ್ರಾಹ್ಮಿಯೆಂಬ ಹೆಸರೇ ಗೊಂದಲಕ್ಕೆ ಕಾರಣ. ಮನೆಮದ್ದಿನ ಪುಸ್ತಕಗಳನ್ನು ಬರೆಯುವವರು ಇದನ್ನು ಗಮನಿಸುವುದು ಲೇಸು.

ಸಾಮಗ್ರಿಯ ಅಭಾವವೆಂದು ಯಾರೂ ಹೇಳುವಂತಿಲ್ಲ. ಐನೂರು ಸಸ್ಯಗಳ ಉಪಯೋಗವನ್ನು ಕನ್ನಡದಲ್ಲಿ ಹೇಳುವ ಸ್ಟೋಲ್ಸನ ಪುಸ್ತಕವನ್ನು ಬಾಸೆಲ್ ಮಿಶನ್ನಿನವರು ೧೮೮೧ರಲ್ಲಿ ಮಂಗಳೂರಿನಲ್ಲೇ ಪ್ರಕಟಿಸಿದ್ದರು. ಮ್ಯಾನ್ನರನ ತುಳು ನಿಘಂಟು ೧೮೮೬ರದು, ಕಿಟ್ಟೆಲ್ಲರದು ೧೮೯೪ರದು. ಉಡುಪಿಯ ಆರು ಸಂಪುಟಗಳ ತುಳು ನಿಘಂಟು ೧೯೮೮ರಿಂದ ೧೯೯೭ರ ವರೆಗೆ ಹೊರಬಂದಿತು. ವೈದ್ಯಗ್ರಂಥಗಳನ್ನು ಮರುಮುದ್ರಿಸುವವರು ಸಸ್ಯನಾಮಗಳಿಗೆ ಅರ್ಥವನ್ನು ಹೀಗೆ ಬರೆಯಬಹುದು: 'ಹಾಲೆ: ಸಂ. ಸಪ್ತಪರ್ಣ, ತು. ಪಾಲೆ, ಮಲ. ಏಳಿಲಂಪಾಲ, ಮದ್ದಾಲೆಯೆಂದೂ ಹೆಸರು. ಸಸ್ಯಶಾಸ್ತ್ರದಲ್ಲಿ ಆಲ್‌ಸ್ಟೋನಿಯ ಸ್ಕೊಲಾರಿಸ್. ಹಾಲು ಸುರಿಸುವ ಎತ್ತರವಾದ ಮರ. ಎಲೆಗಳು ಗೆಣ್ಣಿಗೆ ನಾಲ್ಕರಿಂದ ಏಳು, ಗುಂಪಾಗಿ. ಹೂ ಶರತ್ತಿನಲ್ಲಿ, ಉಗ್ರಗಂಧ. ತೊಗಟೆ ಕಹಿ. ಕುಟಜವಲ್ಲ; ಅಡಕೆಯ ಹಾಳೆಯಲ್ಲ; ಕಾಸರಕದೊಡನೆ ಭ್ರಮಿಸಲಾಗದು.'