ಪಿತ್ತಕೋಶ: ಒಂದು ಪಾರಿಭಾಷಿಕ ಶಬ್ದದ ವಿಮರ್ಶೆ

ಶಾಸ್ತ್ರಪರಿಭಾಷೆಗೆ ಇರಬೇಕಾದ ಮೊದಲ ಗುಣವು ನಿಃಸಂದಿಗ್ಧತೆ. ಒಂದು ವಸ್ತುವಿಗೆ ಎರಡು ಹೆಸರುಗಳಿದ್ದರೆ ಓದುವವರಿಗೆ ತುಸು ಶ್ರಮವಾದೀತು. ಎರಡು ವಸ್ತುಗಳಿಗೆ ಒಂದೇ ಹೆಸರಾದರೆ ಅರ್ಥವೇ ಕೆಡುವುದು. ಕನ್ನಡ ವೈದ್ಯಕ ಬರೆವಣಿಗೆಯಲ್ಲಿ ‘ಪಿತ್ತಕೋಶ’ವೆಂಬ ಶಬ್ದಕ್ಕೆ ಈ ಗತಿಯೊದಗಿದೆ. ಪಿತ್ತರಸವನ್ನು ಸ್ರವಿಸುವ ದೊಡ್ಡ ಅವಯವವೂ, ಅದರ ಅಡಿಯಲ್ಲಿದ್ದು ಆ ರಸವನ್ನು ಕೂಡಿಟ್ಟು ಗಟ್ಟಿಗೊಳಿಸುವ ಸಣ್ಣ ಚೀಲವೂ ಈ ಒಂದೇ ಹೆಸರಿನಿಂದ ವ್ಯವಹೃತವಾಗುತ್ತಿವೆ.

ಸಾಮಾನ್ಯರೋಗಗಳ ಪ್ರಸ್ತಾಪದಲ್ಲಿ ಸಂದರ್ಭವು ಅರ್ಥವನ್ನು ಹೇಗೋ ಕಾಪಾಡುತ್ತದೆ. ಆದರೆ ಆ ಚೀಲದ ಅಪರೂಪವಾದ ಜನ್ಮಜಾತ ರಚನಾಭೇದಗಳನ್ನು ವಿವರಿಸುವಲ್ಲಿ ಸಂದರ್ಭದ ಆಸರೆಯೂ ಸಾಲದು. ಗರ್ಭದ ನಾಲ್ಕನೆಯ ವಾರದಲ್ಲಿ ಭ್ರೂಣದ ಆದಿಕರುಳಿನಿಂದ ಮೊಗ್ಗೊಂದು ಹೊರಡುವುದು. ಅದರ ಮೇಲ್ಭಾಗವು ಯಕೃತ್ತಾಗಿಯೂ ಕೆಳಭಾಗವು ಈ ಚೀಲವಾಗಿಯೂ ಬೆಳೆಯುವುವು. ಬೆಳವಣಿಗೆಯಲ್ಲಿ ವ್ಯತ್ಯಾಸವುಂಟಾದರೆ ಚೀಲವು ಹುಟ್ಟದೆಯೇ ಇರಬಹುದು, ಎರಡಾಗಬಹುದು, ಎಡಕ್ಕೆ ಸರಿದಿರಬಹುದು, ಯಕೃತ್ತಿನೊಳಗೇ ಹುದುಗಿರಬಹುದು. ಈ ಕೊನೆಯದನ್ನು ರೂಢಿಯ ಮಾತಿನಲ್ಲಿ ಹೇಳಹೊರಟರೆ ‘ಪಿತ್ತಕೋಶದೊಳಗಿನ ಪಿತ್ತಕೋಶ’ವೆಂಬ ಹಾಸ್ಯಾಸ್ಪದ ಪ್ರಯೋಗವಾಗುವುದು. ಎಡ್ವರ್ಡ್ ಬಾಯ್ಡನ್ನನು ೧೯೨೬ರಲ್ಲಿ ವರ್ಗೀಕರಿಸಿದ ಇಮ್ಮಡಿ ಚೀಲವು ಸುಮಾರು ೪,೦೦೦ ಮಂದಿಯಲ್ಲಿ ಒಬ್ಬರಿಗುಂಟು. ಶಸ್ತ್ರವೈದ್ಯರು ಒಂದನ್ನು ತೆಗೆದು ಇನ್ನೊಂದನ್ನು ಕಾಣದೆ ಬಿಟ್ಟರೆ ನೋವು ಮರಳಬಹುದು.

‘ಹುಟ್ಟಿನಿಂದ ಪಿತ್ತಕೋಶವಿಲ್ಲ’ ಎಂಬ ವಾಕ್ಯವು ಇನ್ನೂ ಅಪಾಯಕರ. ಚೀಲವಿಲ್ಲದವರು ಆರೋಗ್ಯದಿಂದ ಬಾಳಬಲ್ಲರು. ಯಕೃತ್ತಿಲ್ಲದೆ ಬದುಕು ಅಸಾಧ್ಯ. ಕುದುರೆಗೂ ಜಿಂಕೆಗೂ ಈ ಚೀಲವಿಲ್ಲವೆಂದೂ, ಮನುಷ್ಯರಲ್ಲಿಯೂ ಕೆಲವರಲ್ಲಿ ಅದು ಕಾಣದೆಂದೂ ಅರಿಸ್ಟಾಟಲನೇ ಬರೆದಿದ್ದಾನೆ. ಬಹುಮಟ್ಟಿಗೆ ನಿರಪಾಯವಾದ ಈ ಸ್ಥಿತಿಯು ಶಬ್ದದೋಷದಿಂದ ಪ್ರಾಣಭಯವಾಗಿ ತೋರಬಾರದು.

ನೆರೆಯ ಭಾಷೆಗಳ ಕಡೆ ನೋಡಿದರೆ ತೊಡಕು ಮತ್ತಷ್ಟು ಸ್ಪಷ್ಟವಾಗುತ್ತದೆ. ಗೌರಿಬಿದನೂರು ತಾಲ್ಲೂಕಿನ ಅಲೀಪುರದಲ್ಲಿ ಮನೆಮಾತು ಬಹುತೇಕ ಉರ್ದು. ಸುತ್ತಿನ ಸೀಮೆಯಲ್ಲಿ ಕನ್ನಡವೂ ತೆಲುಗೂ ಉಂಟು. ಉರ್ದುವಿನಲ್ಲಿ ‘ಪಿತ್ತಾ’ ಎಂದರೆ ಚೀಲ, ‘ಸಫ್ರಾ’ ಎಂದರೆ ರಸ, ‘ಜಿಗರ್’ ಎಂದರೆ ಯಕೃತ್ತು. ಕನ್ನಡಿಗನಿಗೆ ‘ಪಿತ್ತ’ವು ರಸ, ಅದು ನೆತ್ತಿಗೇರುವುದೂ ಉಂಟು. ಒಂದೇ ಧ್ವನಿಯು ಒಬ್ಬನಿಗೆ ಪಾತ್ರೆಯಾಗಿಯೂ ಇನ್ನೊಬ್ಬನಿಗೆ ಅದರಲ್ಲಿನ ದ್ರವವಾಗಿಯೂ ಕೇಳುವ ಇಂಥ ಊರಿನಲ್ಲಿ, ‘ಪಿತ್ತಕೋಶ’ವೂ ದ್ವ್ಯರ್ಥಿಯಾದರೆ ರೋಗಿಗೆ ಆಧಾರವೇನು?

‘ಪಿತ್ತಾಶಯ’ವೆಂಬ ಪರ್ಯಾಯವೂ ನಿರ್ದುಷ್ಟವಲ್ಲ. ಆಯುರ್ವೇದದಲ್ಲಿ ಅದು ಪಿತ್ತದೋಷದ ನೆಲೆ. ಅದನ್ನು ಈ ಚೀಲದೊಡನೆ ಸಮೀಕರಿಸಿದರೆ ಎರಡು ಶಾಸ್ತ್ರಗಳೂ ಕಲಸಿಹೋಗುವುವು. ಆದುದರಿಂದ ದೊಡ್ಡ ಅವಯವಕ್ಕೆ ‘ಯಕೃತ್ತು’ ಎಂದೂ, ಚೀಲಕ್ಕೆ ಮಾತ್ರ ‘ಪಿತ್ತಕೋಶ’ವೆಂದೂ ನಿಯಮಿಸುವುದು ಯುಕ್ತ. ಯಕೃತ್ತೆಂಬುದು ಕ್ಲಿಷ್ಟವೆಂಬ ಆಕ್ಷೇಪವುಂಟು. ಜನರು ಆಡುವ ‘ಲಿವರ್’ ಅದರ ಸ್ಥಾನದಲ್ಲಿ ನಿಂತರೂ ಹಾನಿಯಿಲ್ಲ. ಅದು ದೇಶ್ಯವಲ್ಲದಿದ್ದರೂ ಸಂದೇಹವನ್ನಂತೂ ಹುಟ್ಟಿಸದು.

ರೂಪಕದಿಂದ ಹುಟ್ಟಿದ ಹೆಸರುಗಳಲ್ಲಿ ಇನ್ನೊಂದು ಬಗೆಯ ವಿವೇಕ ಬೇಕು. ಚೀಲದ ತುದಿ ಮಡಿಚಿಕೊಂಡಿರುವ ಭೇದಕ್ಕೆ ಪಾಶ್ಚಾತ್ಯರು ಪ್ರಾಚೀನ ಏಷ್ಯಾ ಮೈನರಿನ ಫ್ರಿಜಿಯ ದೇಶದ ಟೊಪ್ಪಿಗೆಯ ಹೆಸರಿಟ್ಟರು. ‘ಫ್ರಿಜಿಯದ ಟೊಪ್ಪಿಗೆ’ ಎಂದು ಪದಶಃ ಇಳಿಸಿದರೆ ಕನ್ನಡಿಗನ ಕಣ್ಣಿಗೆ ಯಾವ ಆಕಾರವೂ ಕಟ್ಟದು. ‘ತುದಿ ಬಾಗಿದ ಕುಲಾವಿ’ ಎಂದೊಡನೆ ಕಟ್ಟುತ್ತದೆ. ಇದನ್ನು ಗಂತಿಯೆಂದು ತಪ್ಪಾಗಿ ತಿಳಿಯುವ ಸಂಭವವಿರುವುದರಿಂದ, ಆಕಾರವನ್ನು ತೋರಿಸುವ ಹೆಸರು ಅಲಂಕಾರವಲ್ಲ, ಉಪಕಾರ.

ಹನ್ನೆರಡನೆಯ ಶತಮಾನದಲ್ಲಿಯೇ ಜಗದ್ದಳ ಸೋಮನಾಥನ ‘ಕಲ್ಯಾಣಕಾರಕ’ವನ್ನು ಪಡೆದ ಭಾಷೆಗೆ ವೈದ್ಯಕವು ಹೊಸದಲ್ಲ. ಅದಕ್ಕೆ ಬೇಕಾದುದು ಹೆಚ್ಚು ಶಬ್ದಗಳಲ್ಲ, ಇರುವ ಶಬ್ದಗಳಿಗೆ ಖಚಿತವಾದ ಎಲ್ಲೆ.